ಪಾಡ್‌ಕಾಸ್ಟ್ | ಎಲ್ಲ ಪುಟಗಳೂ ಇವೆ, ಜಾಗ ಮಾತ್ರ ಬದಲು: ವರ್ಣತಂತು ಮತ್ತು ಗಂಡಸರ ಬಂಜೆತನ

(ಇದು ನಮ್ಮ ಆರೋಗ್ಯ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳಲು ಪುರುಸೊತ್ತಿಲ್ಲದವರು ಇಲ್ಲೇ ಓದಬಹುದು.)

 

ಮದುವೆಯಾಗಿ ವರ್ಷ ತುಂಬೋದೇ ತಡ, ನಮ್ಮ ಕಡೆ ಒಂದು ಪ್ರಶ್ನೆ ಶುರುವಾಗುತ್ತೆ. ‘ಏನಮ್ಮಾ, ಏನಾದ್ರೂ ವಿಶೇಷ ಇದ್ಯಾ?’ ಗಮನಿಸಿ ನೋಡಿ, ಈ ಪ್ರಶ್ನೆ ಹೆಚ್ಚಾಗಿ ಹೆಂಡತಿಗೇ. ಗಂಡನ ಹತ್ರ ಹೋಗಿ ‘ಏನಪ್ಪಾ, ನಿನ್ನ ಕಡೆಯಿಂದ ಎಲ್ಲ ಸರಿ ಇದ್ಯಾ?’ ಅಂತ ಕೇಳೋರು ಕಮ್ಮಿ. ಎರಡನೇ ವರ್ಷಕ್ಕೆ ಹರಕೆ, ಮೂರನೇ ವರ್ಷಕ್ಕೆ ಆಸ್ಪತ್ರೆ. ಅಲ್ಲೂ ಮೊದಲು ಸ್ಕ್ಯಾನಿಂಗ್‌ಗೆ ಹೋಗೋದು, ಮಾತ್ರೆ ನುಂಗೋದು, ಇಂಜೆಕ್ಷನ್ ಚುಚ್ಚಿಸಿಕೊಳ್ಳೋದು ಅವಳೇ.

ಇವತ್ತಿನ ಸಂಚಿಕೆ ಗಂಡನ ಬಗ್ಗೆ. ಅದರಲ್ಲೂ ನೋಡೋಕೆ ಗಟ್ಟಿಮುಟ್ಟಾಗಿರೋ, ಯಾವ ಚಟವೂ ಇಲ್ಲದ, ಎಲ್ಲ ರೀತಿಯಲ್ಲೂ ಆರೋಗ್ಯವಾಗಿರೋ ಗಂಡನ ಬಗ್ಗೆ. ಅಂಥವನ ವೀರ್ಯ ಪರೀಕ್ಷೆಯ ವರದಿಯಲ್ಲಿ ವೀರ್ಯಾಣು ತೀರಾ ಕಡಿಮೆ ಅಂತ ಬರಬಹುದು. ಅಥವಾ ವೀರ್ಯಾಣು ಬೇಕಾದಷ್ಟಿದ್ದು, ಹೆಂಡತಿಗೆ ಮಾತ್ರ ಎರಡು, ಮೂರು, ನಾಲ್ಕು ಸಲ ಗರ್ಭಪಾತ ಆಗಿರಬಹುದು. ಇದರ ಹಿಂದಿರುವ ಒಂದು ಕಾರಣ ಹೊರಗಿನಿಂದ ಕಾಣೋದೇ ಇಲ್ಲ. ಅದು ಜೀವಕೋಶದೊಳಗಿನ ವರ್ಣತಂತುಗಳಲ್ಲಿ, ಅಂದ್ರೆ ಕ್ರೋಮೋಸೋಮ್‌ಗಳಲ್ಲಿ ಆಗಿರುವ ಅದಲು-ಬದಲು.

ಮೊದಲು ಒಂದೆರಡು ಅಂಕಿ. ಒಂದು ವರ್ಷ ಯಾವ ಗರ್ಭನಿರೋಧಕವೂ ಇಲ್ಲದೆ ನಿಯಮಿತವಾಗಿ ಕೂಡಿದರೂ ಗರ್ಭ ನಿಲ್ಲದಿದ್ದರೆ ಅದನ್ನ ವಿಶ್ವ ಆರೋಗ್ಯ ಸಂಸ್ಥೆ ಬಂಜೆತನ ಅಂತ ಕರೆಯುತ್ತದೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಬದುಕಿನ ಯಾವುದಾದರೊಂದು ಹಂತದಲ್ಲಿ ಈ ಸಮಸ್ಯೆ ಬರುತ್ತದೆ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿತು. ಇಂಥ ಜೋಡಿಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ, ಒಂದೋ ಅದೊಂದೇ ಕಾರಣವಾಗಿ, ಇಲ್ಲವೇ ಹೆಣ್ಣಿನ ಕಡೆಯ ಕಾರಣದ ಜೊತೆ ಸೇರಿ.

46 ಸಂಪುಟಗಳ ಕಪಾಟು

ನಮ್ಮ ದೇಹದ ಒಂದೊಂದು ಜೀವಕೋಶದಲ್ಲೂ ಒಂದು ಪುಸ್ತಕದ ಕಪಾಟಿದೆ ಅಂದುಕೊಳ್ಳಿ. ಅದರಲ್ಲಿ 46 ಸಂಪುಟ. ಅಮ್ಮನಿಂದ ಬಂದ 23, ಅಪ್ಪನಿಂದ ಬಂದ 23. 1ನೇ ಸಂಪುಟ ಎರಡು ಪ್ರತಿ, 2ನೇ ಸಂಪುಟ ಎರಡು ಪ್ರತಿ, ಹೀಗೆ 22ರವರೆಗೆ. ಕೊನೆಯ ಜೋಡಿ ಹೆಣ್ಣಿನಲ್ಲಿ ಎಕ್ಸ್-ಎಕ್ಸ್, ಗಂಡಿನಲ್ಲಿ ಎಕ್ಸ್-ವೈ. ಈ ಸಂಪುಟಗಳೇ ವರ್ಣತಂತುಗಳು. ಪುಟಗಳಲ್ಲಿ ಬರೆದಿರೋದು ಜೀನ್‌ಗಳು.

ಒಂದು ಸ್ವಾರಸ್ಯ ಹೇಳ್ತೀನಿ. ಈ 46 ಅನ್ನೋ ಲೆಕ್ಕ ಗಟ್ಟಿಯಾಗಿದ್ದು 1956ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ ಕೆಲಸ ಮಾಡ್ತಿದ್ದ ಜೋ ಹಿನ್ ಚಿಯೋ ಮತ್ತು ಆಲ್ಬರ್ಟ್ ಲೆವಾನ್ ಅವರಿಂದ. ಅದಕ್ಕೂ ಮುಂಚೆ ಮೂರು ದಶಕಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳಲ್ಲಿ 48 ಅಂತಲೇ ಇತ್ತು. 1923ರಲ್ಲಿ ಅಮೆರಿಕದ ಥಿಯೋಫಿಲಸ್ ಪೇಂಟರ್ ಎಣಿಸಿದ್ದ ಲೆಕ್ಕ ಅದು. ಅವರು ಎಣಿಸಿದ್ದು ಗಂಡಸರ ವೃಷಣದ ಜೀವಕೋಶಗಳಲ್ಲಿ. ಇವತ್ತು ನಾವು ಮಾತಾಡ್ತಿರೋ ಜಾಗವೂ ಅದೇ.

ಬೈಂಡಿಂಗ್‌ನಲ್ಲಿ ಆದ ಎಡವಟ್ಟು

ಈಗ ಆ ಕಪಾಟಿನ ಎರಡು ಪುಸ್ತಕ ಬೈಂಡಿಂಗ್ ಅಂಗಡಿಗೆ ಹೋಗಿ ವಾಪಸ್ ಬಂದಿವೆ ಅಂತ ಇಟ್ಕೊಳ್ಳಿ. 11ನೇ ಸಂಪುಟದ ಕೊನೆಯ ಕೆಲವು ಪುಟ 22ನೇ ಸಂಪುಟಕ್ಕೆ ಸೇರಿಕೊಂಡಿವೆ, 22ರ ಕೊನೆಯ ಪುಟಗಳು 11ಕ್ಕೆ ಬಂದಿವೆ. ಒಂದು ಪುಟವೂ ಕಳೆದಿಲ್ಲ, ಒಂದೂ ಹೆಚ್ಚಾಗಿಲ್ಲ. ಓದೋನಿಗೆ ಎಲ್ಲವೂ ಸಿಗುತ್ತದೆ. ಹಾಗಾಗಿ ಆ ಮನುಷ್ಯ ಸಾಮಾನ್ಯವಾಗಿ ಪೂರ್ತಿ ಆರೋಗ್ಯವಂತ. ಓದಿನಲ್ಲಿ, ಕೆಲಸದಲ್ಲಿ, ಲೈಂಗಿಕ ಶಕ್ತಿಯಲ್ಲಿ ಏನೂ ವ್ಯತ್ಯಾಸ ಇರುವುದಿಲ್ಲ. ಇದನ್ನ ವೈದ್ಯರು ‘ಬ್ಯಾಲೆನ್ಸ್ಡ್ ಟ್ರಾನ್ಸ್‌ಲೊಕೇಶನ್’ ಅಂತಾರೆ, ಸಮತೋಲನದ ಸ್ಥಾನಪಲ್ಲಟ. ಹೆಚ್ಚೂಕಡಿಮೆ 500 ಜನರಲ್ಲಿ ಒಬ್ಬರು ಇಂಥದ್ದನ್ನ ಹೊತ್ತು ತಿರುಗ್ತಾ ಇರ್ತಾರೆ. ಬಹಳಷ್ಟು ಜನಕ್ಕೆ ಸಾಯೋವರೆಗೂ ಗೊತ್ತಾಗಲ್ಲ.

11 ಮತ್ತು 22ರ ಉದಾಹರಣೆ ಸುಮ್ಮನೆ ಆರಿಸಿದ್ದಲ್ಲ. ಬೇರೆ ಅದಲು-ಬದಲುಗಳು ಸಾಮಾನ್ಯವಾಗಿ ಒಂದೊಂದು ಕುಟುಂಬಕ್ಕೆ ಒಂದೊಂದು ಥರ. ಆದರೆ ಈ 11-22 ಮಾತ್ರ ಪರಸ್ಪರ ಸಂಬಂಧವೇ ಇಲ್ಲದ ಕುಟುಂಬಗಳಲ್ಲಿ ಮತ್ತೆ ಮತ್ತೆ, ಅದೇ ಜಾಗದಲ್ಲೇ ಮುರಿದು ಕೂಡಿಕೊಂಡು ಕಾಣಿಸಿಕೊಳ್ಳುತ್ತದೆ. ಆ ಎರಡು ಜಾಗಗಳಲ್ಲಿ ಡಿಎನ್‌ಎ ಬರಹ ‘ಕುಬೇರಬೇಕು’ ಪದದ ಹಾಗೆ, ಆಚೆಯಿಂದಲೂ ಈಚೆಯಿಂದಲೂ ಓದಬಹುದಾದ ರೀತಿಯಲ್ಲಿದೆ. ಅಂಥ ಜಾಗ ಮಡಚಿಕೊಳ್ಳೋದೂ ಸುಲಭ, ಮುರಿಯೋದೂ ಸುಲಭ.

ಇನ್ನೊಂದು ಬಗೆ ಇದೆ. ಎರಡು ಪುಸ್ತಕಗಳನ್ನ ಸೇರಿಸಿ ಒಂದೇ ರಟ್ಟಿನಲ್ಲಿ ಹೊಲಿದುಬಿಡೋದು. ಇದಕ್ಕೆ ‘ರಾಬರ್ಟ್‌ಸೋನಿಯನ್’ ಅಂತ ಹೆಸರು. 1916ರಲ್ಲಿ ಮಿಡತೆಗಳ ವರ್ಣತಂತುಗಳಲ್ಲಿ ಇದನ್ನ ವಿವರಿಸಿದ ರಾಬರ್ಟ್‌ಸನ್ ಅವರಿಂದ ಬಂದ ಹೆಸರು. ಮನುಷ್ಯರಲ್ಲಿ 13, 14, 15, 21, 22 ಈ ಐದು ವರ್ಣತಂತುಗಳಿಗೆ ಒಂದು ತೋಳು ಉದ್ದ, ಇನ್ನೊಂದು ತೀರಾ ಗಿಡ್ಡ. ಹೊಲಿಯುವಾಗ ಗಿಡ್ಡ ತೋಳುಗಳು ಕಳೆದುಹೋಗುತ್ತವೆ. ಅದರಲ್ಲಿರುವ ಮುಖ್ಯ ಬರಹದ ಪ್ರತಿಗಳು ಬೇರೆ ಸಂಪುಟಗಳಲ್ಲೂ ಇರೋದರಿಂದ ತೊಂದರೆಯಾಗುವುದಿಲ್ಲ. ಇಂಥವರ ಕಪಾಟಿನಲ್ಲಿ 45 ಸಂಪುಟ. ಸಾವಿರದಲ್ಲಿ ಸುಮಾರು ಒಬ್ಬರು ಹೀಗಿರುತ್ತಾರೆ. ಅತಿ ಹೆಚ್ಚು ಕಾಣುವುದು 13 ಮತ್ತು 14 ಸೇರಿಕೊಂಡಿರೋದು. ಮಕ್ಕಳಾಗದ ಗಂಡಸರ ಗುಂಪಿನಲ್ಲಿ ಇವರ ಪ್ರಮಾಣ ಹಲವು ಪಟ್ಟು ಏರುತ್ತದೆ.

ಮೂರನೆಯದು ‘ಇನ್ವರ್ಷನ್’. ಒಂದೇ ಪುಸ್ತಕದ ನಡುವಿನ ಕೆಲವು ಪುಟ ಕಿತ್ತು, ತಲೆಕೆಳಗು ಮಾಡಿ ಅಲ್ಲೇ ಅಂಟಿಸಿದ ಹಾಗೆ. ಎಲ್ಲ ಇನ್ವರ್ಷನ್‌ಗಳೂ ತೊಂದರೆ ಕೊಡುವುದಿಲ್ಲ. 9ನೇ ವರ್ಣತಂತುವಿನ ಒಂದು ಇನ್ವರ್ಷನ್ ಎಷ್ಟು ಸಾಮಾನ್ಯ ಅಂದ್ರೆ ಅದನ್ನ ಮೂಗು, ಕಿವಿಯ ಆಕಾರದ ವ್ಯತ್ಯಾಸದ ಹಾಗೆ ಸಹಜ ಅಂತಲೇ ಪರಿಗಣಿಸ್ತಾರೆ. ವರದಿಯಲ್ಲಿ ಅದನ್ನ ನೋಡಿ ರಾತ್ರಿಯೆಲ್ಲ ಗೂಗಲ್ ಮಾಡಿ ನಿದ್ದೆಗೆಟ್ಟವರಿದ್ದರೆ, ಒಮ್ಮೆ ಜೆನೆಟಿಕ್ಸ್ ವೈದ್ಯರ ಹತ್ರ ಮಾತಾಡಿ.

ತೊಂದರೆ ಶುರುವಾಗೋದು ಎಲ್ಲಿ?

ನಮ್ಮ ಚರ್ಮ, ರಕ್ತ, ಕರುಳಿನ ಜೀವಕೋಶಗಳು ಹೊಸ ಕೋಶ ಮಾಡುವಾಗ ಇಡೀ ಕಪಾಟನ್ನೇ ಜೆರಾಕ್ಸ್ ಮಾಡುತ್ತವೆ. ಪುಟ ಎಲ್ಲಿದ್ದರೂ ಜೆರಾಕ್ಸ್ ಯಂತ್ರಕ್ಕೆ ಏನಂತೆ? ಹಾಗಾಗಿ ಅಲ್ಲಿ ಸಮಸ್ಯೆ ಇಲ್ಲ. ವೀರ್ಯಾಣು ಮಾಡುವಾಗ ಲೆಕ್ಕ ಬೇರೆ. ಮಗುವಿಗೆ ಅರ್ಧ ಕಪಾಟು ಮಾತ್ರ ಕೊಡಬೇಕು, ಪ್ರತಿ ಸಂಪುಟದ ಒಂದೊಂದೇ ಪ್ರತಿ. ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಈ ಹಂಚಿಕೆಯ ಹೆಸರು ನೆನಪಿರಬಹುದು: ಮಿಯಾಸಿಸ್.

ವೃಷಣದೊಳಗೆ ದಾರದಂಥ ಸಣ್ಣ ನಳಿಕೆಗಳಿವೆ. ಅವುಗಳ ಗೋಡೆಯಲ್ಲಿ ಮೂಲಕೋಶಗಳು ಕೂತಿರುತ್ತವೆ. ಅಲ್ಲಿಂದ ಹೊರಟ ಒಂದು ಕೋಶ ಪೂರ್ತಿ ವೀರ್ಯಾಣು ಆಗೋಕೆ ಎರಡೂವರೆ ತಿಂಗಳ ಹತ್ತಿರ ಬೇಕು. ಈ ಪಯಣದ ಅತಿ ಸೂಕ್ಷ್ಮ ಘಟ್ಟ ಮಿಯಾಸಿಸ್‌ನ ಮೊದಲ ಹಂತ. ಇಲ್ಲಿ ಅಮ್ಮನಿಂದ ಬಂದ 1ನೇ ಸಂಪುಟ ಅಪ್ಪನಿಂದ ಬಂದ 1ನೇ ಸಂಪುಟವನ್ನ ಹುಡುಕಿಕೊಂಡು ಬಂದು, ಪುಟಕ್ಕೆ ಪುಟ ಹೊಂದಿಸಿ, ಜಿಪ್ ಹಾಕಿದ ಹಾಗೆ ಪಕ್ಕದಲ್ಲಿ ಕೂರಬೇಕು. ಎಲ್ಲ ಜೋಡಿಗಳೂ ಹೀಗೆ ಕೂತ ಮೇಲೆಯೇ ಹಂಚಿಕೆ.

ಈಗ ಪುಟ ಅದಲು-ಬದಲಾದವನ ಕೋಶದಲ್ಲಿ ನೋಡಿ. ಬದಲಾದ 11ಕ್ಕೆ ಒಂದು ಭಾಗ ಸರಿಯಾದ 11ರ ಜೊತೆ ಹೊಂದುತ್ತದೆ, ಇನ್ನೊಂದು ಭಾಗ 22ರ ಜೊತೆ. ಬದಲಾದ 22ರದ್ದೂ ಅದೇ ಕಥೆ. ಕೊನೆಗೆ ಇಬ್ಬರು ಕೈ ಹಿಡಿಯಬೇಕಾದ ಕಡೆ ನಾಲ್ವರು ಸೇರಿ ಶಿಲುಬೆಯಾಕಾರದಲ್ಲಿ ತೊಡರಿಕೊಳ್ಳುತ್ತಾರೆ. ರಾಬರ್ಟ್‌ಸೋನಿಯನ್ ಆದರೆ ಮೂವರು. ಆ ಸಂದಿಯಲ್ಲಿ ಕೆಲವು ತುಂಡುಗಳಿಗೆ ಜೋಡಿಯೇ ಸಿಗುವುದಿಲ್ಲ, ಜಿಪ್ ಅರ್ಧಕ್ಕೇ ನಿಂತಿರುತ್ತದೆ.

ವೃಷಣದಲ್ಲಿ ಇದಕ್ಕೆ ಕಟ್ಟುನಿಟ್ಟಾದ ಚೆಕ್‌ಪೋಸ್ಟ್ ಇದೆ. ಜೋಡಿ ಸರಿಯಾಗಿ ಕೂರದ ಕೋಶವನ್ನ ಅದು ಮುಂದೆ ಬಿಡೋದಿಲ್ಲ, ಆ ಕೋಶ ಅಲ್ಲೇ ಸಾಯುತ್ತದೆ. ಗಂಡಿನಲ್ಲಿ ಇನ್ನೊಂದು ತೊಡಕೂ ಇದೆ. ಎಕ್ಸ್ ಮತ್ತು ವೈ ಒಂದೇ ಅಳತೆಯವಲ್ಲ. ಅವು ತುದಿಯಲ್ಲಿ ಮಾತ್ರ ಕೈ ಹಿಡಿಯುತ್ತವೆ. ಹಾಗಾಗಿ ಈ ಹಂತದಲ್ಲಿ ಕೋಶ ಎರಡನ್ನೂ ಒಂದು ಮೂಲೆಯಲ್ಲಿ ಪ್ರತ್ಯೇಕವಾಗಿ ಇಟ್ಟು, ಅವುಗಳ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಜೋಡಿ ಸಿಗದೆ ಅಲೆಯೋ ತುಂಡುಗಳು ಹೋಗಿ ಅಂಟಿಕೊಳ್ಳೋದು ಬಹಳ ಸಲ ಈ ಮೂಲೆಗೇ. ಆಗ ಕೆಲಸ ಮಾಡಬೇಕಾದ ಜೀನ್‌ಗಳೂ ಮೌನವಾಗಬಹುದು, ಮೌನವಾಗಿರಬೇಕಾದ ಎಕ್ಸ್-ವೈ ಜೀನ್‌ಗಳು ಎಚ್ಚರಗೊಳ್ಳಬಹುದು. ಎರಡೂ ಆ ಕೋಶಕ್ಕೆ ಮಾರಕ.

ಎಲ್ಲ ಕೋಶಗಳೂ ಹೀಗೆ ಸತ್ತರೆ ವೀರ್ಯದಲ್ಲಿ ವೀರ್ಯಾಣುವೇ ಇರುವುದಿಲ್ಲ. ಅರ್ಧಂಬರ್ಧ ಸತ್ತರೆ ಸಂಖ್ಯೆ ಕಡಿಮೆ. ಕೆಲವರಲ್ಲಿ ಬಹುಪಾಲು ಕೋಶಗಳು ಪಾರಾಗಿ ಸಂಖ್ಯೆ ಪೂರ್ತಿ ಸಹಜವಾಗಿರುತ್ತದೆ. ಒಂದೇ ಅದಲು-ಬದಲು ಇರೋ ಅಣ್ಣ-ತಮ್ಮಂದಿರಲ್ಲೂ ಒಬ್ಬನಿಗೆ ಮಕ್ಕಳಿದ್ದು, ಇನ್ನೊಬ್ಬನಿಗೆ ಇಲ್ಲದಿರಬಹುದು. ಅದಲು-ಬದಲಾದ ತುಂಡು ಎಕ್ಸ್ ಜೊತೆ ಆಗಿದ್ದರೆ ಮಾತ್ರ ಗಂಡಿನಲ್ಲಿ ವೀರ್ಯಾಣು ತಯಾರಿ ಬಹುತೇಕ ಪೂರ್ತಿ ನಿಂತುಹೋಗುತ್ತದೆ.

ಹೇಸರಗತ್ತೆ ಮತ್ತು ಕಾಡುಕುರಿ

ದೇಹ ಗಟ್ಟಿಯಾಗಿದ್ದೂ ವೀರ್ಯಾಣು ಆಗದಿರೋದು ಹೇಗೆ ಅಂತ ನಂಬಿಕೆ ಬರದಿದ್ದರೆ ಹೇಸರಗತ್ತೆಯನ್ನ ನೆನಪಿಸಿಕೊಳ್ಳಿ. ಕುದುರೆಗೆ 64 ವರ್ಣತಂತು, ಕತ್ತೆಗೆ 62. ಎರಡೂ ಸೇರಿ ಹುಟ್ಟಿದ ಹೇಸರಗತ್ತೆಗೆ 63. ಹಿಮಾಲಯದ ದಾರಿಯಲ್ಲಿ ಸೈನ್ಯಕ್ಕೆ ಹೊರೆ ಹೊರುವಷ್ಟು ಶಕ್ತಿ ಅದಕ್ಕಿದೆ. ಆದರೆ ಗಂಡು ಹೇಸರಗತ್ತೆಗೆ ಮರಿ ಆಗುವುದಿಲ್ಲ. ಅಪ್ಪ-ಅಮ್ಮನಿಂದ ಬಂದ ಸಂಪುಟಗಳ ಸಂಖ್ಯೆಯೂ ಬೇರೆ, ಪುಟಗಳ ಕ್ರಮವೂ ಬೇರೆ. ಮಿಯಾಸಿಸ್‌ನಲ್ಲಿ ಜೋಡಿ ಕೂರುವುದಿಲ್ಲ.

ಹಾಗಾದ್ರೆ ಸಂಖ್ಯೆ ಕಡಿಮೆಯಾಗಿದ್ದೇ ತಪ್ಪಾ? ಅಲ್ಲ. ನಾಗರಹೊಳೆ, ಭದ್ರಾ ಕಾಡುಗಳಲ್ಲಿ ನಾಯಿ ಬೊಗಳಿದ ಹಾಗೆ ಕೂಗೋ ಕಾಡುಕುರಿ ಇದೆಯಲ್ಲ, ಸಸ್ತನಿಗಳಲ್ಲೇ ಅತಿ ಕಡಿಮೆ ವರ್ಣತಂತು ಇರೋ ಪ್ರಾಣಿ ಅದು. ಹೆಣ್ಣಿಗೆ 6, ಗಂಡಿಗೆ 7. ಅದರ ಹತ್ತಿರದ ನೆಂಟ, ಚೀನಾದ ಕಾಡುಕುರಿಗೆ ನಮ್ಮಷ್ಟೇ, 46. ಕಾಲಾಂತರದಲ್ಲಿ ಸಂಪುಟಗಳು ಒಂದಕ್ಕೊಂದು ಹೊಲಿದುಕೊಂಡು ಹೀಗಾಗಿದೆ. ಆದರೂ ನಮ್ಮ ಕಾಡುಕುರಿಗಳಿಗೆ ಮರಿಗಳಾಗ್ತಾನೇ ಇವೆ. ಯಾಕಂದ್ರೆ ಅಪ್ಪನದೂ ಅಮ್ಮನದೂ ಒಂದೇ ಕ್ರಮ, ಜೋಡಿ ಸಲೀಸಾಗಿ ಕೂರುತ್ತದೆ. ಇವೆರಡು ಜಾತಿಗಳನ್ನ ಬೆರೆಸಿ ಹುಟ್ಟಿಸಿದಾಗ ಮರಿಗಳು ಬದುಕಿದವು, ಗಂಡು ಮರಿಗಳಲ್ಲಿ ಮಾತ್ರ ವೀರ್ಯಾಣು ಪೂರ್ತಿ ತಯಾರಾಗಲಿಲ್ಲ. ಕಷ್ಟ ಇರೋದು ಸಂಖ್ಯೆಯಲ್ಲಿ ಅಲ್ಲ, ಜೋಡಿ ಹೊಂದದಿರೋದರಲ್ಲಿ.

ಬೆರಳಲ್ಲಿ ಎಣಿಸಿ: ಆರು ದಾರಿ

ಚೆಕ್‌ಪೋಸ್ಟ್ ದಾಟಿದ ಕೋಶಗಳ ಕಥೆ ಈಗ. ತೊಡರಿಕೊಂಡ ನಾಲ್ಕು ಸಂಪುಟಗಳಲ್ಲಿ ವೀರ್ಯಾಣುವಿಗೆ ಎರಡು ಹೋಗಬೇಕು. ಸರಿಯಾದ 11, ಸರಿಯಾದ 22, ಬದಲಾದ 11, ಬದಲಾದ 22. ಬೆರಳು ಮಡಚಿ ಎಣಿಸಿ, ಎರಡೆರಡು ಆರಿಸೋಕೆ ಆರು ದಾರಿ. ಸರಿಯಾದವೆರಡೂ ಹೋದರೆ ಮಗು ಪೂರ್ತಿ ಸಹಜ. ಬದಲಾದವೆರಡೂ ಹೋದರೆ ಮಗು ಅಪ್ಪನ ಹಾಗೇ ಆರೋಗ್ಯವಂತ, ಆದರೆ ಅದಲು-ಬದಲನ್ನ ಹೊತ್ತಿರುತ್ತದೆ. ಉಳಿದ ನಾಲ್ಕು ದಾರಿಯಲ್ಲೂ ಕೆಲವು ಪುಟ ಡಬಲ್, ಕೆಲವು ಪುಟ ಮಾಯ. ಇವು ಸಾಲದು ಅಂತ ಕೆಲವು ಸಲ ಒಂದು ಕಡೆಗೆ ಮೂರು, ಇನ್ನೊಂದು ಕಡೆಗೆ ಒಂದು ಹೋಗೋದೂ ಉಂಟು.

ಈ ದಾರಿಗಳಿಗೆಲ್ಲ ಸಮಾನ ಅವಕಾಶ ಇರುವುದಿಲ್ಲ. ಮುರಿದ ಜಾಗ, ತುಂಡಿನ ಉದ್ದದ ಮೇಲೆ ಅದು ನಿಂತಿದೆ. ಪುಟ ಅದಲು-ಬದಲಾದ ಗಂಡಸರಲ್ಲಿ ಸರಾಸರಿ ಅರ್ಧದಷ್ಟು ವೀರ್ಯಾಣುಗಳು ತಪ್ಪು ಲೆಕ್ಕದವಾಗಿರುತ್ತವೆ, ಒಬ್ಬರಿಂದೊಬ್ಬರಿಗೆ ಇದು ತುಂಬಾ ಬದಲಾಗುತ್ತದೆ. ರಾಬರ್ಟ್‌ಸೋನಿಯನ್ ಇರುವ ಗಂಡಸರಲ್ಲಿ ಇದು ಕಡಿಮೆ, ಬಹಳಷ್ಟು ಜನರಲ್ಲಿ ಶೇ 10ರಿಂದ 20ರ ಆಸುಪಾಸು.

ತಪ್ಪು ಲೆಕ್ಕದ ವೀರ್ಯಾಣು ನೋಡೋಕೆ ಕುಂಟಾಗಿರುತ್ತೆ, ಓಡೋಕಾಗಲ್ಲ ಅಂದುಕೊಂಡಿರಾ? ಇಲ್ಲ. ಅದೂ ಅಷ್ಟೇ ಚೆನ್ನಾಗಿ ಈಜಬಲ್ಲದು. ವೀರ್ಯಾಣುಗಳು ತಯಾರಾಗುವಾಗ ಅಕ್ಕಪಕ್ಕದ ಕೋಶಗಳು ಸಣ್ಣ ಸೇತುವೆಗಳಿಂದ ಕೂಡಿಕೊಂಡು, ಬೇಕಾದ ಸಾಮಗ್ರಿ ಹಂಚಿಕೊಳ್ಳುತ್ತವೆ. ಒಬ್ಬನ ಬುತ್ತಿಯಲ್ಲಿ ಕೊರತೆಯಿದ್ದರೂ ಪಕ್ಕದವನ ಬುತ್ತಿಯಿಂದ ತುಂಬಿಕೊಳ್ಳುತ್ತದೆ. ಹಾಗಾಗಿ ಮೈಕ್ರೋಸ್ಕೋಪಿನಲ್ಲಿ ನೋಡಿ ‘ಇದು ಒಳ್ಳೇದು, ಇದು ಕೆಟ್ಟದ್ದು’ ಅಂತ ವರ್ಣತಂತುವಿನ ಲೆಕ್ಕ ಹೇಳೋಕೆ ಆಗುವುದಿಲ್ಲ. ‘ನನ್ನ ಕೌಂಟ್ ನಾರ್ಮಲ್, ಸಮಸ್ಯೆ ನಿನ್ನಲ್ಲೇ’ ಅನ್ನೋ ಮಾತು ತಪ್ಪಾಗೋದು ಇದಕ್ಕೇ.

ತಪ್ಪು ಲೆಕ್ಕದ ವೀರ್ಯಾಣುವಿನಿಂದ ಆದ ಭ್ರೂಣಗಳಲ್ಲಿ ಹೆಚ್ಚಿನವು ಮೊದಲ ಕೆಲವು ವಾರಗಳಲ್ಲೇ ನಿಂತುಹೋಗುತ್ತವೆ. ಕೆಲವು ಮುಟ್ಟು ತಡವಾಯಿತು ಅನ್ನೋಷ್ಟರಲ್ಲೇ ಮುಗಿಯುತ್ತವೆ, ಕೆಲವು ಎರಡು-ಮೂರನೇ ತಿಂಗಳಲ್ಲಿ. ಮತ್ತೆ ಮತ್ತೆ ಗರ್ಭಪಾತವಾಗುವ ಜೋಡಿಗಳನ್ನ ಪರೀಕ್ಷಿಸಿದರೆ, ನೂರರಲ್ಲಿ ಎರಡರಿಂದ ಐದು ಜೋಡಿಗಳಲ್ಲಿ ಗಂಡ ಅಥವಾ ಹೆಂಡತಿ, ಇಬ್ಬರಲ್ಲೊಬ್ಬರಿಗೆ ಇಂಥ ಅದಲು-ಬದಲು ಇರುತ್ತದೆ. ಅಪರೂಪಕ್ಕೆ ತಪ್ಪು ಲೆಕ್ಕದ ಮಗು ಹುಟ್ಟಿ ಬದುಕುತ್ತದೆ. ನಮ್ಮ 11-22ರ ಉದಾಹರಣೆಯಲ್ಲಿ, ಬದಲಾದ ಪುಟ್ಟ 22 ಒಂದು ಹೆಚ್ಚುವರಿಯಾಗಿ ಬಂದರೆ ಎಮ್ಯಾನುಯೆಲ್ ಸಿಂಡ್ರೋಮ್ ಎಂಬ ಸ್ಥಿತಿ. ಬೆಳವಣಿಗೆ, ಕಲಿಕೆ, ಹೃದಯ ಹೀಗೆ ಹಲವು ಕಡೆ ತೊಂದರೆ ಇರುತ್ತದೆ. 14-21ರ ರಾಬರ್ಟ್‌ಸೋನಿಯನ್‌ನಲ್ಲಿ ಡೌನ್ ಸಿಂಡ್ರೋಮ್ ಸಾಧ್ಯತೆ ಇದೆ. ಅಮ್ಮ ಹೊತ್ತಿದ್ದರೆ ಶೇ 10–15, ಅಪ್ಪ ಹೊತ್ತಿದ್ದರೆ ಶೇ 1–2 ಅಥವಾ ಇನ್ನೂ ಕಡಿಮೆ.

ಇಲ್ಲೊಂದು ವಿಷಯ ನೋಡಿ. ಹೆಣ್ಣಿನಲ್ಲಿ ಎರಡು ಎಕ್ಸ್‌ಗಳೂ ಪೂರ್ತಿ ಜೋಡಿಯಾಗುತ್ತವೆ, ಅಂಡಾಶಯದ ಚೆಕ್‌ಪೋಸ್ಟ್ ಅಷ್ಟು ಬಿಗಿಯಿಲ್ಲ. ಹಾಗಾಗಿ ಒಂದೇ ಮನೆಯಲ್ಲಿ, ಒಂದೇ ಅದಲು-ಬದಲಿನಿಂದ, ಅಣ್ಣನಿಗೆ ಮಕ್ಕಳೇ ಆಗದಿರಬಹುದು, ತಂಗಿಗೆ ಗರ್ಭ ನಿಂತು ನಿಂತು ಹೋಗಬಹುದು. ಮನೆಯವರ ಕಣ್ಣಿಗೆ ಇವೆರಡೂ ಬೇರೆ ಬೇರೆ ಕಷ್ಟ. ಮೂಲ ಒಂದೇ.

ಪುಟವೇ ಹರಿದುಹೋದಾಗ

ಇನ್ನೊಂದು ಬಗೆಯ ಏರುಪೇರು ವೈ ವರ್ಣತಂತುವಿನದ್ದು. ಅದರಲ್ಲಿ ಒಂದೇ ಥರದ ಪುಟಗಳು ಪದೇ ಪದೇ ಬರುತ್ತವೆ. ಒಂದೇ ಥರದ ಎರಡು ಜಾಗ ತಪ್ಪಾಗಿ ಒಂದಕ್ಕೊಂದು ಅಂಟಿಕೊಂಡರೆ ನಡುವಿನ ಪುಟಗಳು ಕತ್ತರಿಸಿ ಹೋಗುತ್ತವೆ. ವೀರ್ಯಾಣು ತಯಾರಿಗೆ ಬೇಕಾದ ಜೀನ್‌ಗಳು ವೈ ಮೇಲಿವೆ ಎಂಬ ಸುಳಿವು ಸಿಕ್ಕಿದ್ದು 1976ರಲ್ಲಿ, ಇಟಲಿಯ ಟಿಯೆಪೋಲೊ ಮತ್ತು ಝುಫಾರ್ಡಿ ಅವರ ಕೆಲಸದಿಂದ. ಆ ಜಾಗಗಳಿಗೆ ಈಗ ಎಝಡ್‌ಎಫ್ ಎ, ಬಿ, ಸಿ ಅಂತ ಹೆಸರು. ಹೈದರಾಬಾದಿನ ಸಿಸಿಎಂಬಿ ಸಂಶೋಧಕರು ಭಾರತದ ಗಂಡಸರಲ್ಲೂ ಇದನ್ನ ಗುರುತಿಸಿದ್ದಾರೆ.

ಯಾವ ಜಾಗ ಹೋಗಿದೆ ಅನ್ನೋದು ಮುಖ್ಯ. ಎ ಅಥವಾ ಬಿ ಪೂರ್ತಿ ಹೋಗಿದ್ದರೆ ವೃಷಣದಲ್ಲಿ ಹುಡುಕಿದರೂ ವೀರ್ಯಾಣು ಸಿಗುವ ಆಸೆ ಇಲ್ಲ ಅಂತಲೇ ಹೇಳಬೇಕು, ಆಪರೇಷನ್‌ನ ನೋವು, ಖರ್ಚು ಎರಡೂ ವ್ಯರ್ಥ. ಸಿ ಮಾತ್ರ ಹೋಗಿದ್ದರೆ ಎಷ್ಟೋ ಜನರಲ್ಲಿ ವೀರ್ಯಾಣು ಸಿಗುತ್ತದೆ. ಆದರೆ ಹುಟ್ಟುವ ಗಂಡುಮಗುವಿಗೂ ಅದೇ ವೈ ಹೋಗುತ್ತದೆ.

ಯಾವ ಪರೀಕ್ಷೆ, ಯಾರಿಗೆ?

ಪರೀಕ್ಷೆಯ ಹೆಸರು ಕ್ಯಾರಿಯೋಟೈಪ್. ತೋಳಿನಿಂದ ಸ್ವಲ್ಪ ರಕ್ತ, ಅಷ್ಟೇ. ಲ್ಯಾಬ್‌ನಲ್ಲಿ ಬಿಳಿ ರಕ್ತಕಣಗಳನ್ನ ಮೂರು ದಿನದಷ್ಟು ಬೆಳೆಸಿ, ವಿಭಜನೆಯ ನಡುವೆ ನಿಲ್ಲಿಸಿ, ಬಣ್ಣ ಹಾಕಿ, ಫೋಟೋ ತೆಗೆದು, ಜೋಡಿ ಜೋಡಿಯಾಗಿ ಜೋಡಿಸಿ ನೋಡುತ್ತಾರೆ. ವರದಿ ಬರೋಕೆ ಎರಡು-ಮೂರು ವಾರ ಹಿಡಿಯಬಹುದು.

ಯಾರು ಮಾಡಿಸಬೇಕು? ವೀರ್ಯಾಣು ಸೊನ್ನೆ ಇರುವವರು, ಮಿಲಿಲೀಟರಿಗೆ 50 ಲಕ್ಷಕ್ಕಿಂತ ಕಡಿಮೆ ಇರುವವರು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಸಹಜದ ಕೆಳಗಿನ ಮಿತಿ ಮಿಲಿಲೀಟರಿಗೆ 1.6 ಕೋಟಿ ಅನ್ನೋದು ನಿಮಗೆ ಹೋಲಿಕೆಗೆ. ಒಂದೇ ವರದಿ ನೋಡಿ ತೀರ್ಮಾನಕ್ಕೆ ಬರಬೇಡಿ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸ್ತಾರೆ. ಹಾಗೆಯೇ ಎರಡು ಅಥವಾ ಹೆಚ್ಚು ಸಲ ಗರ್ಭಪಾತವಾಗಿದ್ದರೆ ಗಂಡ-ಹೆಂಡತಿ ಇಬ್ಬರೂ ಕ್ಯಾರಿಯೋಟೈಪ್ ಮಾಡಿಸೋ ಬಗ್ಗೆ ವೈದ್ಯರನ್ನ ಕೇಳಿ. ಇಬ್ಬರೂ, ಒಬ್ಬರಲ್ಲ.

ಎರಡು ಎಚ್ಚರಿಕೆ. ಒಂದು, ವೈ ವರ್ಣತಂತುವಿನ ಹರಿದ ಪುಟ ಕ್ಯಾರಿಯೋಟೈಪ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅದಕ್ಕೆ ‘ವೈ ಮೈಕ್ರೊಡಿಲೀಷನ್’ ಅನ್ನೋ ಬೇರೆ ಪರೀಕ್ಷೆ. ಎರಡು, ‘ಮೈಕ್ರೊಅರೇ’ ಅನ್ನೋ ದುಬಾರಿ ಪರೀಕ್ಷೆ ಪುಟ ಹೆಚ್ಚು-ಕಡಿಮೆ ಆಗಿದ್ದರೆ ಹಿಡಿಯುತ್ತದೆ, ಬರೀ ಜಾಗ ಬದಲಾಗಿದ್ದರೆ ಹಿಡಿಯುವುದಿಲ್ಲ. ಇಲ್ಲಿ ಹಳೇ ಕಾಲದ ಕ್ಯಾರಿಯೋಟೈಪೇ ಗೆಲ್ಲೋದು.

ವರದಿ ಓದೋದು ಹೇಗೆ? ‘46, ಎಕ್ಸ್‌ವೈ’ ಅಂತ ಇದ್ದರೆ ಸಹಜ ಗಂಡು. ‘46, ಎಕ್ಸ್‌ವೈ, ಟಿ(11;22)’ ಅಂದ್ರೆ 11-22 ಅದಲು-ಬದಲು. ‘45, ಎಕ್ಸ್‌ವೈ, ಡೆರ್(13;14)’ ಅಂದ್ರೆ 13-14 ಸೇರಿಕೊಂಡಿವೆ. ‘47, ಎಕ್ಸ್‌ಎಕ್ಸ್‌ವೈ’ ಅಂದ್ರೆ ಒಂದು ಎಕ್ಸ್ ಹೆಚ್ಚಿದೆ, ಕ್ಲೈನ್‌ಫೆಲ್ಟರ್ ಸಿಂಡ್ರೋಮ್. ಇದು ಅದಲು-ಬದಲಲ್ಲ, ಸಂಖ್ಯೆಯ ವ್ಯತ್ಯಾಸ. ವೀರ್ಯಾಣು ಸೊನ್ನೆ ಇರುವ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ವರ್ಣತಂತು ಕಾರಣ ಇದೇ.

ಮುಂದೇನು?

ನೇರವಾಗಿ ಹೇಳ್ತೀನಿ, ಈ ಅದಲು-ಬದಲನ್ನ ಸರಿಮಾಡೋ ಔಷಧಿ ಇಲ್ಲ. ದೇಹದ ಪ್ರತಿ ಕೋಶದಲ್ಲೂ ಅದೇ ಕಪಾಟು. ಯಾವ ಪುಡಿ, ಲೇಹ್ಯ, ‘21 ದಿನದಲ್ಲಿ ಫಲಿತಾಂಶ’ ಜಾಹೀರಾತೂ ಪುಟಗಳನ್ನ ವಾಪಸ್ ಹೊಲಿಯೋದಿಲ್ಲ. ಗಂಡಸುತನ ಹೆಚ್ಚಾಗಲಿ ಅಂತ ಟೆಸ್ಟೊಸ್ಟಿರಾನ್ ಇಂಜೆಕ್ಷನ್ ತಗೊಂಡರಂತೂ ಇರೋ ವೀರ್ಯಾಣುವೂ ಇಳಿಯುತ್ತದೆ. ಜಿಮ್‌ಗೆ ಹೋಗೋ ಹುಡುಗರು ಇದನ್ನ ನೆನಪಿಟ್ಟುಕೊಳ್ಳಿ.

ಆದರೆ ದಾರಿ ಇಲ್ಲ ಅಂತ ಅಲ್ಲ. ಒಂದನೇ ದಾರಿ, ಸಹಜವಾಗಿ ಪ್ರಯತ್ನ ಮುಂದುವರಿಸೋದು. ಆರು ದಾರಿಯಲ್ಲಿ ಎರಡು ಒಳ್ಳೇ ದಾರಿಗಳಿವೆ ಅಂದೆವಲ್ಲ? ಎರಡು-ಮೂರು ಗರ್ಭಪಾತದ ನಂತರವೂ ಆರೋಗ್ಯವಂತ ಮಗು ಪಡೆದ ಜೋಡಿಗಳು ಬಹಳ. ಗರ್ಭ ನಿಂತ ಮೇಲೆ 11–14ನೇ ವಾರದಲ್ಲಿ ಮಾಸುವಿನ ಚೂರು ತೆಗೆದು ಅಥವಾ 15ನೇ ವಾರದ ನಂತರ ಗರ್ಭದ ನೀರು ತೆಗೆದು ಮಗುವಿನ ವರ್ಣತಂತು ನೋಡಬಹುದು. ಇಂಥ ಕಾರಣಕ್ಕೆ ಪರೀಕ್ಷೆ ಮಾಡಿಸೋಕೆ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ, ನೋಂದಾಯಿತ ಕೇಂದ್ರಗಳಲ್ಲಿ, ಅವಕಾಶ ಇದೆ. ಗಂಡೋ ಹೆಣ್ಣೋ ಅಂತ ಕೇಳೋದು, ಹೇಳೋದು ಮಾತ್ರ ಅಪರಾಧ.

ಎರಡನೇ ದಾರಿ, ಐವಿಎಫ್ ಜೊತೆ ಭ್ರೂಣದ ಪರೀಕ್ಷೆ. ಒಂದೇ ವೀರ್ಯಾಣುವನ್ನ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನ 1992ರಿಂದ ಇದೆ. ಹೀಗೆ ಆದ ಭ್ರೂಣದಿಂದ ಐದು-ಆರನೇ ದಿನ ಕೆಲವು ಕೋಶ ತೆಗೆದು, ಪುಟಗಳ ಲೆಕ್ಕ ಸರಿಯಿರುವ ಭ್ರೂಣವನ್ನಷ್ಟೇ ಗರ್ಭಕೋಶಕ್ಕೆ ಸೇರಿಸುತ್ತಾರೆ. ಇದಕ್ಕೆ ಪಿಜಿಟಿ-ಎಸ್‌ಆರ್ ಅಂತ ಹೆಸರು. ಗರ್ಭಪಾತದ ನೋವು ಕಡಿಮೆಯಾಗುತ್ತದೆ. ಆದರೆ ಖರ್ಚು ಲಕ್ಷಗಳಲ್ಲಿ, ಕೆಲವು ಸಲ ಒಂದೂ ಸರಿಯಾದ ಭ್ರೂಣ ಸಿಗದಿರಬಹುದು, ಮಗು ಆಗಿಯೇ ತೀರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಹಾರ್ಮೋನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳೋದು ಇಲ್ಲೂ ಹೆಂಡತಿಯೇ ಅನ್ನೋದನ್ನ ಮರೀಬೇಡಿ.

ಮೂರನೇ ದಾರಿ, ದಾನಿಯ ವೀರ್ಯಾಣು. 2021ರ ಎಆರ್‌ಟಿ ಕಾಯ್ದೆ ಪ್ರಕಾರ ಇದು ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. ನಾಲ್ಕನೇ ದಾರಿ ದತ್ತು. ಐದನೆಯದೂ ಒಂದಿದೆ, ಮಕ್ಕಳಿಲ್ಲದೆ ಇಬ್ಬರೂ ಚೆನ್ನಾಗಿ ಬದುಕೋದು. ಯಾವುದನ್ನ ಆರಿಸಬೇಕು ಅನ್ನೋದು ಆ ಇಬ್ಬರ ತೀರ್ಮಾನ. ಅದಕ್ಕೂ ಮುಂಚೆ ಒಮ್ಮೆ ಜೆನೆಟಿಕ್ ಕೌನ್ಸೆಲಿಂಗ್ ಆಗಲೇಬೇಕು. ಯಾಕಂದ್ರೆ ನಾನು ಹೇಳಿದ್ದೆಲ್ಲ ಸರಾಸರಿ. ನಿಮ್ಮ ಅದಲು-ಬದಲಿನ ಲೆಕ್ಕ ನಿಮ್ಮದೇ.

ಮನೆಯಲ್ಲಿ ಹೇಳೋದು ಹೇಗೆ?

ಕಷ್ಟ ಇರೋದು ಇಲ್ಲೇ. ವರದಿ ಬಂದ ದಿನ ಗಂಡನಿಗೆ ಅನ್ನಿಸೋದು ‘ನನ್ನಲ್ಲೇ ದೋಷ’ ಅಂತ. ಆಮೇಲೆ ಅನ್ನಿಸೋದು ‘ಇದು ಯಾರಿಗೂ ಗೊತ್ತಾಗಬಾರದು’ ಅಂತ. ಹೊರಗೆ ಬಾಯಿಬಿಡದೆ, ಹೆಂಡತಿಯ ಮೇಲಿನ ಮಾತುಗಳು ಹಾಗೇ ಮುಂದುವರಿಯೋಕೆ ಬಿಟ್ಟವರೂ ಇದ್ದಾರೆ. ಇದು ನಿಮ್ಮ ತಪ್ಪಲ್ಲ. ನೀವು ಹುಟ್ಟೋ ಮುಂಚೆಯೇ ಬೈಂಡಿಂಗ್ ಆಗಿಹೋಗಿದೆ. ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬಹುದು, ನಿಮ್ಮಲ್ಲೇ ಹೊಸದಾಗಿ ಆಗಿರಲೂಬಹುದು. ಗಂಡಸುತನಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಗೊತ್ತಿದ್ದೂ ಬಾಯಿಬಿಡದೆ ಇನ್ನೊಬ್ಬರ ತಲೆ ಮೇಲೆ ಹೊರೆ ಹಾಕಿದರೆ, ಆ ಭಾಗ ಮಾತ್ರ ನಿಮ್ಮದು.

ಹೇಳೋಕೆ ಇನ್ನೊಂದು ಕಾರಣವೂ ಇದೆ. ನಿಮ್ಮ ತಮ್ಮನಿಗೆ, ತಂಗಿಗೆ, ಚಿಕ್ಕಪ್ಪನ ಮಗನಿಗೆ ಇದೇ ಅದಲು-ಬದಲು ಇರಬಹುದು. ನೀವು ಐದು ವರ್ಷ ಅಲೆದು ತಿಳಿದುಕೊಂಡಿದ್ದನ್ನ ಅವರು ಒಂದು ರಕ್ತಪರೀಕ್ಷೆಯಲ್ಲಿ ತಿಳಿಯಬಹುದು. ಎಲ್ಲರ ಮುಂದೆ ಹೇಳಬೇಕಿಲ್ಲ. ಯಾರಿಗೆ ಬೇಕೋ ಅವರಿಗೆ ಒಂದು ಫೋನ್ ಸಾಕು.

ಇನ್ನು ಮುಂದೆ ಯಾವುದಾದ್ರೂ ನಾಮಕರಣದಲ್ಲಿ, ಗೃಹಪ್ರವೇಶದಲ್ಲಿ ಯಾರಾದ್ರೂ ‘ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?’ ಅಂತ ಕೇಳಿದರೆ, ಪಕ್ಕದಲ್ಲಿರೋ ಗಂಡ ಒಂದು ಮಾತು ಆಡಬಹುದು. ‘ನಾವಿಬ್ಬರೂ ನೋಡ್ಕೊಳ್ತಾ ಇದ್ದೀವಿ ಅತ್ತೆ’ ಅಂತ. ಅಷ್ಟೇ ಸಾಕು.

ಇದನ್ನ ಕೇಳಬೇಕಾದವರು ಯಾರಾದ್ರೂ ನೆನಪಾದರೆ ವಾಟ್ಸ್ಆ್ಯಪ್‌ನಲ್ಲಿ ಸದ್ದಿಲ್ಲದೆ ಕಳಿಸಿಬಿಡಿ. ಫ್ಯಾಮಿಲಿ ಗ್ರೂಪಿಗೆ ಬೇಡ, ಅವರಿಗೆ ಮಾತ್ರ.